ಹಾಲಿನ ಗಾಡಿ ನಿಲ್ಲಿಸಿ ಅಧ್ಯಕ್ಷರನ್ನು ಗೆಲ್ಲಿಸಿದವರಿಗೆ

ಹಾಲು ಒಕ್ಕೂಟದ ಮಾನ್ಯ ಮುಖ್ಯಾಧಿಕಾರಿಗಳೇ,

ನಮ್ಮೂರ ಡೇರಿಯ ಅಧ್ಯಕ್ಷರನ್ನು ಮಣಿಸಲು ನೀವು ನಮ್ಮೂರ ಹಾಲು ಒಯ್ಯುವುದನ್ನೇ ನಿಲ್ಲಿಸಿದಿರಿ. ಅಧ್ಯಕ್ಷರು ಮಣಿಯಲಿಲ್ಲ, ಮೊದಲಿಗಿಂತ ಗಟ್ಟಿಯಾಗಿ ಕೂತಿದ್ದಾರೆ. ಕುಲಗೋಡದಾಚೆಯ ಸಣ್ಣ ಊರಿನಲ್ಲಿ ಎರಡು ಎಮ್ಮೆ ಕಟ್ಟಿಕೊಂಡಿರುವ ನಾನು ಇದನ್ನು ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿ ಪತ್ರಕ್ಕೆ ಉತ್ತರಿಸುವ ಪದ್ಧತಿಯನ್ನು ತಮ್ಮ ಕಚೇರಿ ಇಟ್ಟುಕೊಂಡಿಲ್ಲ.

ತಮಗೆ ಬೇಡವಾದವರ ಹಾಲಿಗೆ ಅಧ್ಯಕ್ಷರು ಜಿಡ್ಡು ಕಡಿಮೆ ತೋರಿಸಿ ದರ ಇಳಿಸುತ್ತಾರೆಂದು ದೂರು ಕೊಟ್ಟವಳು ನಾನೇ. ವಿಚಾರಣೆ ಮಾಡಿ ಎಂದು ಕೇಳಿದ್ದೆ. ನೀವು ಗಾಡಿ ನಿಲ್ಲಿಸಿದಿರಿ. ಕೈ ಬರಿದಾದರೆ ಊರು ತಾನೇ ಎದ್ದು ಅಧ್ಯಕ್ಷರ ಕೊರಳಪಟ್ಟಿ ಹಿಡಿಯುತ್ತದೆ ಎಂಬುದು ತಮ್ಮ ಲೆಕ್ಕ. ದೊಡ್ಡ ದೇಶಗಳು ಸಣ್ಣ ದೇಶಗಳ ಮೇಲೆ ದಿಗ್ಬಂಧನ ಹೇರುವಾಗಲೂ ಇದೇ ಲೆಕ್ಕ ಹಾಕುತ್ತವಂತೆ. ಅಲ್ಲಿಯ ಆಳುವವರು ಉಪವಾಸ ಬಿದ್ದದ್ದನ್ನು ತಾವು ಟಿವಿಯಲ್ಲಾದರೂ ನೋಡಿದ್ದೀರಾ? ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ವೈದ್ಯ ನಮ್ಮೂರಲ್ಲಿ ಇರಲಿಲ್ಲ, ತಾವು ಬಂದಿರಿ.

ವಾರ ಕಳೆಯುವುದರೊಳಗೆ ಅಧ್ಯಕ್ಷರು ಗೋಕಾಕದ ವ್ಯಾಪಾರಿಯೊಬ್ಬನ ಟೆಂಪೋ ತರಿಸಿದರು. ದರ ಕಡಿಮೆ. ಆದರೆ ಯಾರ ಕ್ಯಾನು ಹತ್ತಬೇಕು, ಯಾರದು ಬೇಡ ಎಂಬುದನ್ನು ಈಗ ಅವರೇ ನಿಂತು ಹೇಳುತ್ತಾರೆ. ನಿನ್ನೆಯವರೆಗೆ ಬೈಯುತ್ತಿದ್ದವರು ಅವರಿಗೆ ಚಹಾ ತಂದು ಕೊಡುತ್ತಾರೆ. ಊರಿನ ಪಾಲಿಗೆ ಹಾಲು ಕಾಪಾಡಿದವರು ಅವರು, ನಿಲ್ಲಿಸಿದವಳು ನಾನು. ನನ್ನ ಕ್ಯಾನು ಟೆಂಪೋ ಹತ್ತುವುದಿಲ್ಲ.

ಹಾಲು ಹೋಗಲಿ, ಮೊಸರು ಮಾಡಿಕೊಂಡೇನು. ಪಕ್ಕದ ಮನೆಯ ಕಾಶೆವ್ವ ದಿನಾ ಸಂಜೆ ಹೆಪ್ಪು ಕೇಳಲು ಬಂದು, ಹರಟೆಯಲ್ಲಿ ಹೆಪ್ಪನ್ನೇ ಮರೆತು ಹೋಗುತ್ತಿದ್ದಳು. ಈಗ ಬರುವುದಿಲ್ಲ. ಒಂಟಿ ಮನೆ ನನ್ನದು, ಮಾತಿಗೆ ಅವಳೊಬ್ಬಳೇ ಇದ್ದಳು. ತಡೆಯಲಾರದೆ ನಾನೇ ಬಟ್ಟಲಲ್ಲಿ ಹೆಪ್ಪು ಹಾಕಿಕೊಂಡು ಹೋದೆ. ಬಾಗಿಲಲ್ಲೇ ನಿಂತು ಹೇಳಿದಳು: "ನೀ ದೂರಿನ್ಯಾಗ ಬರದದ್ದು ಖರೇನ ಐತಿ ಅಕ್ಕಾ. ಆದ್ರ ನನ್ನ ಹಾಲು ಅವರ ಗಾಡ್ಯಾಗ ಹೋಗಬೇಕಲ್ಲ. ನಮ್ಮ ಮನಿಗೆ ಬರಬ್ಯಾಡ."

ಅವಳ ಮೇಲೆ ಸಿಟ್ಟು ಬರಲಿಲ್ಲ. ಮನೆಗೆ ಬಂದು ಬಹಳ ಅತ್ತೆ, ಮಾನ್ಯರೇ.

ಬರುವ ತಿಂಗಳು ಡೇರಿಯ ಚುನಾವಣೆ. ಅಧ್ಯಕ್ಷರ ಎದುರು ನಿಲ್ಲಬೇಕೆಂದಿದ್ದೇನೆ. ನಾಮಪತ್ರಕ್ಕೆ ಸೂಚಕರು, ಅನುಮೋದಕರು ಎಂದು ಇಬ್ಬರ ಸಹಿ ಬೇಕು. ಹುಟ್ಟಿ ಬೆಳೆದ ಊರಲ್ಲಿ ನನಗೆ ಇಬ್ಬರು ಸಿಗುತ್ತಿಲ್ಲ. ನನ್ನ ಬೇಡಿಕೆ ಒಂದೇ: ನಾಮಪತ್ರದ ಕೊನೆಯ ದಿನದೊಳಗೆ ನಿಮ್ಮ ಗಾಡಿ ಊರಿಗೆ ಮರಳಿ ಬರಲಿ. ಟೆಂಪೋ ಬಿಟ್ಟು ಬೇರೆ ದಾರಿಯಿದೆ ಎಂದು ತಿಳಿದರೆ ಜನ ಸಹಿ ಹಾಕುತ್ತಾರೆ. ಅಧ್ಯಕ್ಷರನ್ನು ನಾವು ನೋಡಿಕೊಳ್ಳುತ್ತೇವೆ. ಗಾಡಿ ಬಾರದಿದ್ದರೆ ಅವರು ಅವಿರೋಧವಾಗಿ ಆರಿಸಿ ಬರುತ್ತಾರೆ. ಆಗ ಹಾರ ಹಾಕಲು ತಪ್ಪದೆ ಬನ್ನಿ, ಆ ಗೆಲುವಿನಲ್ಲಿ ತಮ್ಮ ಪಾಲೇ ದೊಡ್ಡದು.

ಇಂತಿ,
ತಮ್ಮ ಶಿಕ್ಷೆ ಸರಿಯಾಗಿ ತಲುಪಿದ ಒಬ್ಬಳೇ ಒಬ್ಬಳು,
ದಾಕ್ಷಾಯಿಣಿ
ಮೂಡಲಗಿ ತಾಲೂಕು