ನನ್ನ ಅಪ್ಪನಿಗೆ ನೀವು ಬರೆಸಿದ ಮೀಸೆ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಅಪ್ಪ ತೀರಿಹೋದ ಮೇಲೆ ನೀವು ಅವರಿಗೆ ಮೀಸೆ ಬರೆಸಿದ್ದೀರಿ. ನಿಮ್ಮ ಠಾಣೆಯಲ್ಲೇ ದುಡಿದು ನಿವೃತ್ತರಾದ ಅಧಿಕಾರಿಯ ನೆನಪಿಗೆ ತೈಲಚಿತ್ರ ಮಾಡಿಸಿದ್ದು ನಿಮ್ಮ ದೊಡ್ಡ ಮನಸ್ಸು. ಆದರೆ ಅನಾವರಣದ ದಿನ ಪರದೆ ಸರಿದಾಗ ಅಮ್ಮ ನನ್ನ ಕಿವಿಯಲ್ಲಿ ಕೇಳಿದರು: “ಯಾರೇ ಇವ್ರು?” ಕೆನ್ನೆಯವರೆಗೆ ಹುರಿಗೊಳಿಸಿದ ಮೀಸೆ, ಕೆಂಡದಂಥ ಕಣ್ಣು, ಕೆಳಗೆ ‘ದುಷ್ಟರ ಸಿಂಹಸ್ವಪ್ನ’ ಎಂಬ ಬರಹ. ದುಷ್ಟರ ಮಾತು ಹಾಗಿರಲಿ, ನಮ್ಮ ಮನೆಯ ಜಿರಳೆಗಳೂ ಅವರಿಗೆ ಹೆದರಿದ್ದಿಲ್ಲ. ಆ ಇಲಾಖೆ ಅಮ್ಮನದಾಗಿತ್ತು.

ಇದನ್ನು ಬರೆಯಲು ನನಗೇನು ಅರ್ಹತೆ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ವ್ಯವಸ್ಥೆಯನ್ನು ಬುಡಮೇಲು ಮಾಡಲು ಹೊರಟ ಸಂಘಟನೆಯೊಂದರ ಸಂಚಾಲಕಿ ನಾನು. ಮೂವರಿದ್ದೇವೆ, ಒಬ್ಬಳಿಗೆ ಸದ್ಯ ಪರೀಕ್ಷೆ. ಪ್ರಭುತ್ವದ ಸ್ವರೂಪವನ್ನು ನಾನು ಅರಿತದ್ದು ಒಂದು ತೆಳು ಪುಸ್ತಿಕೆಯಿಂದ. ಅದರ ಕೊನೆಯ ಪುಟಗಳು ಹರಿದಿದ್ದವು. ಪರಿಹಾರ ಅಲ್ಲಿತ್ತೆಂದು ಕಾಣುತ್ತದೆ. ಇಂಥ ನಾನು ಪೊಲೀಸ್ ಠಾಣೆಗೆ ಅಹವಾಲು ಬರೆದದ್ದು ತಿಳಿದರೆ ಉಳಿದಿಬ್ಬರು ನನ್ನನ್ನು ಉಚ್ಚಾಟಿಸಬಹುದು. ಆಗ ಸಭೆ ಕರೆಯುವವರೇ ಇರುವುದಿಲ್ಲ ಎಂಬುದೊಂದೇ ನನ್ನ ಧೈರ್ಯ.

ಅಪ್ಪನಿಗೂ ಒಂದು ಕಾಲಕ್ಕೆ ಮೀಸೆಯಿತ್ತು. ದಾರಿ ತಪ್ಪಿದ ಮಕ್ಕಳನ್ನು ತಂದು ಕೂರಿಸುವ ಕೋಣೆಯ ಜವಾಬ್ದಾರಿ ಅವರಿಗೆ ಬಂದ ಹೊಸತರಲ್ಲಿ ಒಬ್ಬಳು ಪುಟ್ಟ ಹುಡುಗಿ ಸಿಕ್ಕಿದ್ದಳು. ಅಪ್ಪ ಬಗ್ಗಿ ಹೆಸರು ಕೇಳಿದಷ್ಟೂ ಅವಳ ಅಳು ಏರುತ್ತಿತ್ತು. ಹೆಸರೇ ಗೊತ್ತಾಗದೆ ಮನೆ ಹುಡುಕುವುದು ಹೇಗೆ? ಅಪ್ಪ ಎದುರಿನ ಕ್ಷೌರದಂಗಡಿಗೆ ಹೋಗಿ ಮೀಸೆ ತೆಗೆಸಿಕೊಂಡು ಬಂದರು. ಹುಡುಗಿ ಮೂಗು ಒರೆಸಿಕೊಂಡು ಕೇಳಿದಳಂತೆ: “ಆ ಮೀಸೆ ಮಾಮ ಎಲ್ಲಿ?”

“ಅವ್ರಿಗೆ ಬೇರೆ ಊರಿಗೆ ವರ್ಗ ಆಯ್ತು ಪುಟ್ಟಿ. ಈಗ ನಾನೇ ಇರೋದು.”

ಹುಡುಗಿ ಹೆಸರು ಹೇಳಿದಳು, ಕತ್ತಲಾಗುವುದರೊಳಗೆ ತಾಯಿಯ ಸೊಂಟ ಸೇರಿದಳು. ಇತ್ತ ಮನೆಯಲ್ಲಿ, ಆಗಷ್ಟೇ ನಡೆಯಲು ಕಲಿತಿದ್ದ ನಾನು ಬಾಗಿಲಲ್ಲಿ ನಿಂತ ಅಪರಿಚಿತನನ್ನು ಕಂಡು ಬೀದಿಗೆಲ್ಲ ಕೇಳುವಂತೆ ಅತ್ತೆನಂತೆ. ಪೊಲೀಸರ ವಿರುದ್ಧ ಅದು ನನ್ನ ಮೊದಲ ಪ್ರತಿಭಟನೆ. ಯಶಸ್ವಿಯಾದದ್ದೂ ಅದೊಂದೇ: ಅಪ್ಪ ಊಟ ಬಿಟ್ಟು ನನ್ನನ್ನು ಹೊತ್ತು ಬೀದಿ ಸುತ್ತಿದರು.

ಮೀಸೆಯನ್ನು ಮತ್ತೆ ಬಿಡಲಿಲ್ಲ. “ನಾಳೆ ಇನ್ನೊಂದು ಮಗು ಬಂದ್ರೆ?” ಎನ್ನುತ್ತಿದ್ದರು. ಸಹೋದ್ಯೋಗಿಗಳು ‘ಆಯಮ್ಮ’ ಎಂದು ಕರೆದರು; ಆ ಹೆಸರಿನಲ್ಲೇ ನಿವೃತ್ತರಾದರು. ಕಾಯಿಲೆ ಬಿದ್ದು ಕೈ ನಡುಗತೊಡಗಿದಾಗ ಅಮ್ಮನೇ ದಿನಾ ಬೆಳಿಗ್ಗೆ ಆ ಮೇಲ್ತುಟಿಗೆ ನೊರೆ ಹಚ್ಚಿ ಬೋಳಿಸುತ್ತಿದ್ದರು. ಅದೇ ತುಟಿಯ ಮೇಲೆ ನೀವು ಬಣ್ಣ ಮೆತ್ತಿಸಿದ್ದೀರಿ. ಕೇಳಲು ಬಂದರೆ ನಿಮ್ಮ ಗುಮಾಸ್ತರು, “ಮೀಸೆ ಇಲ್ದಿದ್ರೆ ಪೊಲೀಸ್ ಅನ್ನೋ ಕಳೆನೇ ಬರಲ್ಲ ಮೇಡಂ” ಎಂದರು.

ಅವರಿಗೆ ಉತ್ತರ ಕೊಡಲು ಬಾಯಿ ತೆರೆದವಳಿಗೆ ನನ್ನದೇ ಕರಪತ್ರ ನೆನಪಾಯಿತು. ಅದರ ಮುಖಪುಟಕ್ಕೆ ನಾನೇ ಒಬ್ಬ ಪೊಲೀಸನನ್ನು ಬರೆದಿದ್ದೆ: ಡೊಳ್ಳು ಹೊಟ್ಟೆ, ದೊಣ್ಣೆ, ಕೆನ್ನೆಯವರೆಗೆ ಮೀಸೆ. ಅಪ್ಪ ಕನ್ನಡಕ ಏರಿಸಿ ನೋಡಿದ್ದರು.

“ಮೀಸೆ ಚೆನ್ನಾಗಿ ಬಂದಿದೆ ಕಣೇ. ಯಾರಿದು?”

“ಅದು ವ್ಯಕ್ತಿಯಲ್ಲ ಅಪ್ಪ, ವ್ಯವಸ್ಥೆ.”

“ಹಾಗಾದ್ರೆ ವ್ಯವಸ್ಥೆಗೆ ಬೂಟಿನ ದಾರ ಕಟ್ಟು. ಎಡವಿ ಬಿದ್ದಾನು.”

ಕ್ರಾಂತಿಗೂ ಇಲಾಖೆಗೂ ಇಷ್ಟೊಂದು ಒಮ್ಮತ ಬೇರೆ ಯಾವ ವಿಷಯದಲ್ಲಿದೆ ಹೇಳಿ? ಮೀಸೆಯಿಲ್ಲದ ಪೊಲೀಸನೊಬ್ಬ ದಿನಾ ನನ್ನೆದುರು ಕೂತು ಉಣ್ಣುತ್ತಿದ್ದರೂ ನನಗೆ ಕಂಡಿರಲಿಲ್ಲ. ನಿಮಗೂ ಕಂಡಿಲ್ಲ. ನನ್ನ ಕರಪತ್ರವನ್ನು ಹೇಗೂ ಯಾರೂ ಓದಲಿಲ್ಲ. ನಿಮ್ಮ ಚಿತ್ರ ಮಾತ್ರ ಅದೇ ಕೋಣೆಯಲ್ಲಿ, ಮಕ್ಕಳು ಕೂರುವ ಬೆಂಚಿನ ಎದುರು ಗೋಡೆಯಲ್ಲಿದೆ. ಮನೆಯ ದಾರಿ ತಪ್ಪಿದ ಮಗು ತಲೆಯೆತ್ತಿದರೆ ಕಾಣುವುದು, ಅಪ್ಪ ಯಾವ ಮುಖವನ್ನು ಕಿತ್ತೆಸೆದು ಬಂದಿದ್ದರೋ ಆ ಮುಖ.

ಮೀಸೆ ತೆಗೆಸಿ. ಸಿಂಹವನ್ನೂ ಅಳಿಸಿ, ಬರೆಯಲೇಬೇಕೆಂದಿದ್ದರೆ ‘ಆಯಮ್ಮ’ ಎಂದು ಬರೆಯಿರಿ. ನಿಮ್ಮ ಕಲಾವಿದರನ್ನು ಕರೆಸಿಡಿ. ಆ ತುಟಿ ಹೇಗಿತ್ತೆಂದು ಅಮ್ಮ ಪಕ್ಕದಲ್ಲಿ ಕೂತು ಹೇಳುತ್ತಾರೆ. ಎದುರಿನ ಅಂಗಡಿಯ ಕ್ಷೌರಿಕರೂ ಬರಲು ಒಪ್ಪಿದ್ದಾರೆ. ನಾನು ಘೋಷಣೆ ಕೂಗುವುದಿಲ್ಲ. ಬೆಂಚಿನ ಮೇಲೆ ಮಗುವಿದ್ದರೆ ಹೆದರೀತು. ಬರುವ ಸೋಮವಾರ, ಬೆಳಿಗ್ಗೆ ಹತ್ತು ಗಂಟೆಗೆ, ಆ ಕೋಣೆಯಲ್ಲಿ.

ಇಂತಿ,
ಬೂಟಿನ ದಾರ ಕಟ್ಟಲು ಮರೆತವಳು,
ಆಯಮ್ಮನ ಮಗಳು