ನಬಿಸಾಬರಿಗೆ ಕೊಡದ ನೀರು

ಕಮಲಾಪುರ,
20 ಅಕ್ಟೋಬರ್ 1948

ಪ್ರೀತಿಯ ಯಜಮಾನರಿಗೆ ವಿಮಲಾಬಾಯಿಯ ಶರಣು.

ನಿಮ್ಮ ಮೈ ಹೇಗಿದೆ? ಮಳೆಗಾಲದಲ್ಲಿ ಬಂದ ಕೆಮ್ಮು ಕಡಿಮೆಯಾಯಿತೇ? ಸೊಲ್ಲಾಪುರದ ಶಿಬಿರದಲ್ಲಿ ಹೊತ್ತಿಗೆ ರೊಟ್ಟಿ ಸಿಗುತ್ತದೋ ಇಲ್ಲವೋ ಎಂದು ಮಾವನವರು ದಿನಾ ಕೇಳುತ್ತಾರೆ, ನನಗೇ ಗೊತ್ತಿರುವಂತೆ. ಕೂಸು ಈಗ ಗೋಡೆ ಹಿಡಿದು ನಿಲ್ಲುತ್ತಾಳೆ, ಕೆಳಗೆ ಎರಡು ಹಲ್ಲು ಬಂದಿವೆ. ಬಾಳೆ ಚೆನ್ನಾಗಿ ಗೊನೆ ಹಾಕಿದೆ, ಆದರೆ ಕಡಿಯಲು ತೋಟಕ್ಕೆ ಹೋಗುವವರಿಲ್ಲ. ಯಾಕೆಂದು ಮುಂದೆ ಬರೆಯುತ್ತೇನೆ. ಹಿಂದೆ ಬರೆದ ಮೂರು ಪತ್ರಗಳಿಗೂ ಉತ್ತರವಿಲ್ಲದ್ದರಿಂದ ಅವು ನಿಮ್ಮನ್ನು ಮುಟ್ಟಿಲ್ಲ ಎಂದುಕೊಂಡಿದ್ದೇನೆ. ಹಾಗಾಗಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಶ್ರಾವಣದಲ್ಲಿ, ನೀವು ನಿಜಾಮನ ವಿರುದ್ಧ ಶಿಬಿರ ಸೇರಿದ್ದು ತಿಳಿದು, ಅವನ ಕಡೆಯ ರಜಾಕಾರರು ನಿಮ್ಮನ್ನು ಹುಡುಕಿಕೊಂಡು ಬಂದರು. ನೀವು ಸಿಗದಿದ್ದರೆ ನಿಮ್ಮ ಹೆಂಡತಿಯನ್ನು ಒಯ್ಯುತ್ತೇವೆಂದು ಓಣಿಯಲ್ಲಿ ಕೂಗಿದರು. ಹಿತ್ತಲಿನ ಗೋಡೆಯ ಆಚೆಯಿಂದ ಚಾಂದಬಿ ಕೈ ಚಾಚಿ ಮೊದಲು ಕೂಸನ್ನು, ಆಮೇಲೆ ನನ್ನನ್ನು ಎಳೆದುಕೊಂಡಳು. ತನ್ನ ಹಳೆಯ ಬುರ್ಖಾ ತೊಡಿಸಿ ಒಳಕೋಣೆಯಲ್ಲಿ ಮಲಗಿಸಿದಳು. ಬಂದವರು ಅವಳ ಗಂಡ ನಬಿಸಾಬರಿಂದ ಆಣೆ ಮಾಡಿಸಿದರು. ಸರಕಾರಿ ಕಚೇರಿಯ ಜವಾನ, ಐದು ಹೊತ್ತು ನಮಾಜು ತಪ್ಪಿಸದ ಮನುಷ್ಯ. ಬಾಗಿಲಲ್ಲಿ ನಿಂತು, "ಅಲ್ಲಾನ ಆಣಿ, ಒಳಗ ನನ್ನ ತಂಗಿ ಅದಾಳ" ಎಂದರು. ಅವರು ಹೋದ ಮೇಲೆ, ನನ್ನ ಸಲುವಾಗಿ ಸುಳ್ಳು ಆಣೆ ಮಾಡಿದಿರಲ್ಲ ಅಣ್ಣಾ ಎಂದು ನಾನು ಅತ್ತೆ. "ಸುಳ್ಳ ಯಾವುದವ್ವಾ? ನೀ ನನ್ನ ತಂಗಿ ಅಲ್ಲೇನು?" ಎಂದರು. ಹನ್ನೊಂದು ದಿನ ಅವರ ಮನೆಯಲ್ಲಿದ್ದೆ. ನನಗಾಗಿ ಬೇರೆ ಒಲೆ ಹೂಡಿ, ಬೇರೆ ಮಡಕೆಯಲ್ಲಿ ಅಡುಗೆ ಮಾಡಲು ಬಿಟ್ಟರು. ಪೂಜೆಗೆಂದು ಚಾಂದಬಿ ಸೆರಗಿನಲ್ಲಿ ಬಿಲ್ವಪತ್ರೆ ತರುತ್ತಿದ್ದಳು.

ಭಾರತದ ಸೈನ್ಯ ಕಲಬುರಗಿ ಸೇರಿತೆಂಬ ಸುದ್ದಿ ಬಂದಾಗ ನಾವೆಲ್ಲ ಸಕ್ಕರೆ ಹಂಚಿದೆವು. ನಬಿಸಾಬರೂ ತಿಂದರು. ಆದರೂ ಹೆಂಡತಿಯನ್ನು ಕಲಬುರಗಿಯ ಗಾಜಿಪುರದಲ್ಲಿರುವ ಅವಳ ಅಕ್ಕನ ಮನೆಗೆ ಕಳಿಸಿಬಿಟ್ಟರು. ಕಚೇರಿಯ ಕೀಲಿ ಯಾರಿಗಾದರೂ ಒಪ್ಪಿಸದೆ ತಾವು ಹೋಗುವಂತಿಲ್ಲ ಎಂದು ಉಳಿದರು.

ಅದಾದ ಐದನೆಯ ದಿನ ಮಧ್ಯಾಹ್ನ, ರಜಾಕಾರರ ಮೇಲಿನ ಸೇಡಿಗೆ ಮುಸಲ್ಮಾನರ ಮನೆ ಹುಡುಕುತ್ತ ಹೊರಗಿನ ಗುಂಪೊಂದು ಊರಿಗೆ ಬಂತು, ನಮ್ಮೂರಿನ ಕೆಲವರೂ ಸೇರಿಕೊಂಡರು. ನಬಿಸಾಬರ ಮನೆಗೆ ಬೆಂಕಿ ಬಿತ್ತು. ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲು ಬಡಿದ ಸಪ್ಪಳ. "ತಂಗೀ, ನಾ ನಬಿ. ಒಳಗ ಕರಕೊಳ್ಳದಿದ್ದರ ಬ್ಯಾಡ. ಒಂದ ತಂಬಿಗಿ ನೀರ ಕೊಡವ್ವಾ, ಹೊಗಿ ಗಂಟಲದಾಗ ಸಿಕ್ಕೈತಿ." ನಾನು ತಂಬಿಗೆ ತುಂಬಿಕೊಂಡು ಬಾಗಿಲಿಗೆ ಬಂದೆ. ಮಾವನವರು ಅಗಳಿಯ ಮೇಲೆ ಎರಡೂ ಕೈ ಇಟ್ಟು ನಿಂತಿದ್ದರು. "ಓಣಿ ತುದಿಗೆ ನಿಂತು ನೋಡಾಕತ್ತಾರ. ಬಾಗಲಾ ತಗದರ ನಮ್ಮನ್ನೂ ಸುಡ್ತಾರ. ಕೂಸಿನ ಮಾರಿ ನೋಡು" ಎಂದರು. ನಾನು ಕೂಸಿನ ಮುಖ ನೋಡಿದೆ. ಅಲ್ಲೇ ನಿಂತೆ. ಹೊರಗಿನಿಂದ ನಬಿಸಾಬರು, "ಇರ್ಲಿ ತಂಗಿ. ನೀ ತಗೀಬ್ಯಾಡ" ಎಂದರು. ಚಪ್ಪಲಿ ಇರಲಿಲ್ಲವೆಂದು ಕಾಣುತ್ತದೆ, ಅವರು ಹೋದದ್ದು ಕೇಳಿಸಲೇ ಇಲ್ಲ.

ಇದೇ ಮಾವನವರು ಪ್ರತಿ ಬೇಸಿಗೆ ಗುಡಿಯ ಮುಂದೆ ಅರವಟ್ಟಿಗೆ ಇಡಿಸುತ್ತಿದ್ದರು. ಮೊಹರಮ್ಮಿಗೆ ಬಾಯಾರಿ ಸತ್ತವರ ಹೆಸರಿನಲ್ಲಿ ನಬಿಸಾಬರು ಬೀದಿಯಲ್ಲಿ ಶರಬತ್ತು ಹಂಚುತ್ತಿದ್ದರು. ಒಂದು ಬಟ್ಟಲು ತಣ್ಣೀರು ಕೊಟ್ಟವರನ್ನೂ ತನ್ನ ಸ್ವಾಮಿ ಮರೆಯುವುದಿಲ್ಲವೆಂದು ಕ್ರಿಸ್ತಾನರ ಸೂಲಗಿತ್ತಿ ಗುಂಡಮ್ಮ ಹೇಳುತ್ತಿದ್ದಳು. ಮೂವರೂ ನಮ್ಮ ಕಟ್ಟೆಯ ಮೇಲೆ ಕೂತು, ದೇವರು ಎಷ್ಟಿದ್ದರೂ ನೀರು ಒಂದೇ ಎಂದು ಒಪ್ಪಿಕೊಳ್ಳುತ್ತಿದ್ದರಲ್ಲ. ಅಂದು ಆ ಒಪ್ಪಿಗೆ ಒಂದು ಅಗಳಿಯನ್ನೂ ಸರಿಸಲಿಲ್ಲ.

ಊರಂಚಿನ ಗುಡಿಸಲಿನಲ್ಲಿ ಒಬ್ಬಳೇ ಇರುವ ಗುಂಡಮ್ಮ ಅಂದು ನಬಿಸಾಬರನ್ನು ಒಳಗೆ ಕರೆದುಕೊಂಡಳು. ಆದರೆ ಅವರು ಬಾಗಿಲು ದಾಟುವಷ್ಟರಲ್ಲೇ ಗುಂಪು ಹಿಂದೆ ಬಂತು. ಗುಂಡಮ್ಮ ಅಡ್ಡ ನಿಂತು, "ನನ್ನ ಕೈಮ್ಯಾಲೆ ಹುಟ್ಟಿದವರು ನೀವು, ಅವನ ಬಿಡ್ರೋ" ಎಂದಳಂತೆ. ಅವಳನ್ನು ತಳ್ಳಿದರು, ಬಲಗೈ ಮುರಿಯಿತು. ನಬಿಸಾಬರನ್ನು ನಮ್ಮ ತೋಟಕ್ಕೇ ಎಳೆದೊಯ್ದು ಬಾಳೆ ಕಡಿಯುವ ಕೊಯ್ತಾದಿಂದ ಕಡಿದರು.

ಎರಡು ದಿನ ಯಾರೂ ಹೆಣ ಮುಟ್ಟಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮಾವನವರು ಸಲಿಕೆ ತೆಗೆದುಕೊಂಡು ನಡೆದರು. ನಾನೂ ಗುಂಡಮ್ಮನೂ ಹಿಂದೆ ಹೋದೆವು. ಹೂಳುವಾಗ ಕಾಲು ಯಾವ ಕಡೆ, ಮುಖ ಯಾವ ಕಡೆ ಎಂದು ನಮ್ಮಲ್ಲಿ ಯಾರಿಗೂ ತಿಳಿಯದು. ತೋಟದಲ್ಲಿ ನಮಾಜಿಗೆ ಅವರು ಪಡುವಣಕ್ಕೆ ನಿಲ್ಲುತ್ತಿದ್ದುದು ನೆನಪಾಗಿ ಮುಖವನ್ನು ಹಾಗೇ ತಿರುಗಿಸಿದೆವು. ಅವರ ಮಂತ್ರ ಬರುವವರು ಊರಲ್ಲಿ ಒಬ್ಬರೂ ಉಳಿದಿರಲಿಲ್ಲ. ಗುಂಡಮ್ಮ ತನಗೆ ಬರುವ ಪ್ರಾರ್ಥನೆ ಹೇಳಿದಳು. ಮಾವನವರು "ಶಿವಾ" ಎಂದು ಶುರು ಮಾಡಿದವರು ಮಣ್ಣಿನ ಮೇಲೆ ಕೂತುಬಿಟ್ಟರು. ಈಗಲೂ ಅವರು ಲಿಂಗಪೂಜೆಗೆ ಕೂಡುತ್ತಾರೆ, ಆದರೆ ಅಂದಿನಿಂದ ಕಣ್ಣು ಮುಚ್ಚುವುದಿಲ್ಲ.

ಕಳೆದ ಸೋಮವಾರ ಬಂಡಿ ಕಟ್ಟಿಸಿಕೊಂಡು ಗಾಜಿಪುರಕ್ಕೆ ಹೋಗಿದ್ದೆ. ಚಾಂದಬಿಗೆ ಸುದ್ದಿ ಮುಟ್ಟಿತ್ತು. ಅವಳು ಅಳಲಿಲ್ಲ. ಕೂಸನ್ನು ತೊಡೆಯ ಮೇಲೆ ಕೂಡಿಸಿಕೊಂಡು ಒಂದೇ ಮಾತು ಕೇಳಿದಳು. "ಮೊದಲ ಅವರು ನಿಮ್ಮ ಮನಿಗೆ ಬಂದಿದ್ದರಂತ. ನೀರ ಕುಡದರೇನವ್ವಾ?"

"ಕುಡದರು ಅಕ್ಕಾ. ತಂಬಿಗಿ ಪೂರಾ ಕುಡದರು" ಎಂದೆ.

ಅವಳು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ಕೈಗಳಿಂದಲೇ ಈ ಪತ್ರ ಬರೆಯುತ್ತಿದ್ದೇನೆ. ನಾನು ಅವಳಿಗೆ ನಿಜ ಹೇಳಬೇಕಿತ್ತೇ? ಹೇಳಿದ್ದರೆ ಅವಳಿಗೆ ಏನು ಉಳಿಯುತ್ತಿತ್ತು? ಯಾವ ದೇವರ ಮುಂದೆ ನಿಂತು ಕೇಳಲಿ ಎಂದು ಗೊತ್ತಾಗುವುದಿಲ್ಲ, ಮೂವರ ಮುಂದೆಯೂ ನಾನು ತಪ್ಪಿತಸ್ಥೆ.

ಮಾವನವರು ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಕೂಸಿನ ಮುದ್ದು. ಮೈ ಜೋಪಾನ.

ಇಂತಿ ನಿಮ್ಮ
ವಿಮಲಾ

ತಾ.ಕ.: ಪತ್ರ ಒಯ್ಯುವ ಸೂಗಪ್ಪ ಹೊರಗೆ ಅವಸರ ಮಾಡುತ್ತಿದ್ದಾನೆ, ಆದರೂ ಇದನ್ನು ಬರೆಯಲೇಬೇಕು. ಅಂದು ಬಂದವರ ಕೈಯಿಂದ ಒಂದು ಚೀಟಿ ಗುಂಡಮ್ಮನ ಅಂಗಳದಲ್ಲಿ ಬಿದ್ದಿತ್ತು. ನಿನ್ನೆ ಅವಳು ಅದನ್ನು ನನಗೆ ತಂದುಕೊಟ್ಟಳು. ಕಮಲಾಪುರದ ಸರಕಾರಿ ನೌಕರರ ನಾಲ್ಕು ಹೆಸರುಗಳಿವೆ, ಮೂರನೆಯದು ನಬಿಸಾಬರದು. ನನಗೆ ಅಕ್ಷರ ಕಲಿಸಿದವರು ನೀವು, ನಿಮ್ಮ ಬರಹ ನನಗೆ ತಪ್ಪುವುದಿಲ್ಲ. ಯಾವಾಗ ಬರೆದಿರಿ, ಯಾರು ಕೇಳಿದ್ದಕ್ಕೆ ಬರೆದಿರಿ, ಏನಾಗುವುದೆಂದು ತಿಳಿದು ಬರೆದಿರೋ ಇಲ್ಲವೋ, ಅಷ್ಟು ತಿಳಿಸಿ. ಮಾವನವರಿಗೆ ತೋರಿಸಿಲ್ಲ. ನೀವು ಏನೇ ಉತ್ತರ ಬರೆದರೂ ಅದನ್ನು ಚಾಂದಬಿಗೆ ಓದಿ ಹೇಳಲು ನನ್ನಿಂದ ಆಗುವುದಿಲ್ಲ.