ನೆರೆ ಮುಟ್ಟದ ಮರಳು

ಮುಸಫ್ಫಾ, ಅಬುಧಾಬಿ
14 ನವೆಂಬರ್ 2025

ಪ್ರೀತಿಯ ಅಕ್ಕ ಖದೀಜಳಿಗೆ ತಂಗಿ ಮಿಸ್ರಿಯಾಳ ಸಲಾಂ.

ಎಂಟು ದಿನದಿಂದ ನಿನ್ನ ಫೋನು ಎತ್ತಲಿಲ್ಲ, ತಪ್ಪಾಯಿತು. ಜ್ವರಗಿರ ಏನಿಲ್ಲ. ಎದೆ ಧಸಕ್ಕೆಂದದ್ದು ಇನ್ನೂ ಇಳಿದಿಲ್ಲ, ಅಷ್ಟೆ. ಬ್ಯಾರಿಯಲ್ಲಿ ಮಾತು ಶುರು ಮಾಡಿದರೆ ಅತ್ತುಬಿಡುತ್ತೇನೆ, ಅದಕ್ಕೆ ಶಾಲೆಯಲ್ಲಿ ಕಲಿತ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಾನು ಕೆಲಸ ಮಾಡುವ ಇಲ್ಲಿಯ ಶಾಲೆಯ ನರ್ಸ್ ಲೂರ್ದ್ ಬಾಯಿ ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತೇನೆ. ಡಿಸೆಂಬರಿನಲ್ಲಿ ಬಂದವಳೇ ಮೊದಲು ದೋಣಿ ಹತ್ತಿ, ಹೊಳೆ ನಡುವಿನ ನಮ್ಮ ಕುದ್ರುವಿಗೆ ಹೋಗಿ, ನಾಲ್ಕು ವರ್ಷವಾದರೂ ನಾನು ಒಮ್ಮೆಯೂ ನೋಡದ, ಹೆತ್ತ ಉಮ್ಮನನ್ನು ಮಣ್ಣು ಮಾಡಿದ ಖಬರಿನ ಹತ್ತಿರ ನಿಲ್ಲಬೇಕೆಂದಿದ್ದೆನಲ್ಲ, ಅದರ ಬಗ್ಗೆಯೇ ನಿನ್ನನ್ನು ಕೇಳಬೇಕು.

ಮೊದಲು ನನ್ನ ಮರ್ಯಾದೆ ಹೋದ ಕಥೆ ಕೇಳು. ಹೊಸದಾಗಿ ಬಂದ ನಿವೀನ್ ಟೀಚರ್ ಈಜಿಪ್ಟಿನವರು. ಮೊದಲ ದಿನವೇ ನನ್ನ ಕತ್ತಿನ ಬ್ಯಾಡ್ಜ್ ಓದಿ, ಕಣ್ಣರಳಿಸಿ, "ಇಂತಿ ಮಸ್ರಿಯ್ಯಾ?" ಎಂದರು. ಹೆಸರು ಕೇಳುತ್ತಿದ್ದಾರೆಂದು ನಾನು "ಐವ", ಹೌದು, ಎಂದೆ. ತಬ್ಬಿಕೊಂಡು ಎರಡೂ ಕೆನ್ನೆಗೆ ಮುತ್ತು ಕೊಟ್ಟರು. ಬಸ್ಸಿನ ಆಯಾಳನ್ನು ಯಾವ ಟೀಚರ್ ತಬ್ಬಿಕೊಳ್ಳುತ್ತಾರೆ ಮಾರಾಯ್ತಿ? ಅವರು ಕೇಳಿದ್ದು ನೀನು ಈಜಿಪ್ಟಿನವಳಾ ಎಂದು. ನಮ್ಮ ಕಡೆ ಬೀದಿಗೊಬ್ಬಳು ಮಿಸ್ರಿಯಾ ಇದ್ದರೂ ಆ ಹೆಸರಿನ ಅರ್ಥವೇ ಅದೆಂದು ಯಾರಿಗೆ ಗೊತ್ತಿತ್ತು? ಅವರ ಅರಬಿಗೆಲ್ಲ ನಾನು ತಲೆಯಾಡಿಸುತ್ತಿದ್ದೆ. ಪಾಪ, ಇಲ್ಲೇ ಬೆಳೆದು ಭಾಷೆ ಮರೆತವಳು ಎಂದುಕೊಂಡಿದ್ದರಂತೆ.

ಹೋದ ವಾರದ ಗುರುವಾರ ಐದನೇ ಕ್ಲಾಸಿಗೆ ನೈಲ್ ನದಿಯ ಪಾಠ. ಗ್ಲೋಬ್ ಹೊತ್ತು ಹೋದ ನನ್ನನ್ನು ಅಲ್ಲೇ ಕೂರಿಸಿಕೊಂಡರು. ಹಿಂದಿನ ಕಾಲದಲ್ಲಿ ಅಲ್ಲಿಯವರು ನೆರೆ ಬರುವುದನ್ನೇ ಕಾಯುತ್ತಿದ್ದರಂತೆ, ಹೊಸ ವರ್ಷ ಎಣಿಸುವುದೂ ಅದರಿಂದಲೇ. ನೀರಿಳಿದ ಮೇಲೆ ಕಪ್ಪು ಕೆಸರಿನಲ್ಲಿ ಬಿತ್ತನೆ. ಗದ್ದೆಯ ಗಡಿಯೆಲ್ಲ ಅಳಿಸಿಹೋಗಿ ಹಗ್ಗ ಹಿಡಿದು ಮತ್ತೆ ಅಳೆಯಬೇಕಿತ್ತು. ನೀರು ಎಷ್ಟು ಏರಿತೆಂದು ನೋಡಲು ಕಲ್ಲಿನ ಮೆಟ್ಟಿಲು ಬೇರೆ. ಹೆಚ್ಚಾದರೆ ಮನೆ ಹೋಯಿತು, ಕಡಿಮೆಯಾದರೆ ಹಸಿವು. ಸತ್ತವರನ್ನು ಮಾತ್ರ ನೆರೆ ಮುಟ್ಟದ ಒಣ ಮರಳಿನಲ್ಲಿ ಮಲಗಿಸುತ್ತಿದ್ದರಂತೆ.

"ಈಗ ನಮ್ಮ ನೈಲಿನ ಮಗಳು ಮಾತಾಡುತ್ತಾಳೆ" ಎಂದು ನನ್ನನ್ನು ಎಬ್ಬಿಸಿದರು. ನನಗೆ ಗೊತ್ತಿರುವ ನದಿ ಒಂದೇ. ಕುದ್ರುವಿನ ನೆರೆ, ಮೆಕ್ಕಲು ಮಣ್ಣಿನ ಸೌತೆಕಾಯಿ, ಉಮ್ಮ ಸೊಂಟದವರೆಗೆ ನೀರಿಗಿಳಿದು ಮರುವಾಯಿ ಚಿಪ್ಪು ಹೆಕ್ಕುತ್ತಿದ್ದದ್ದು, ಎಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ನಮ್ಮೂರ ಕಡೆಯ ವೆಲಿಟಾ ಎಂಬ ಹುಡುಗಿ, "ಮಿಸ್, ದಟ್ಸ್ ನೇತ್ರಾವತಿ. ಶಿ ಈಸ್ ಫ್ರಮ್ ಮ್ಯಾಂಗ್ಲೋರ್" ಎಂದುಬಿಟ್ಟಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಟೀಚರೂ ನಕ್ಕು, ಹಾಗಾದರೆ ನಿನ್ನ ನದಿಯನ್ನೇ ತೋರಿಸು ಎಂದು ಗೋಡೆಯ ಸ್ಕ್ರೀನಿನಲ್ಲಿ ಮ್ಯಾಪ್ ತೆರೆದರು.

ಮಸೀದಿಯ ಮಾಡು ಕಂಡಿತು. ಅದರ ಪಡುಗಡೆ ಖಬರಸ್ಥಾನ ಕಾಣಬೇಕಿತ್ತು. ಅಲ್ಲಿ ನೀರಿತ್ತು ಅಕ್ಕ. ಮೂರು ಮರಳಿನ ದೋಣಿಗಳಿದ್ದವು. ಮ್ಯಾಪ್ ತಪ್ಪು ಎಂದೆ, ಜೋರಾಗಿಯೇ ಎಂದೆ. ಇದು ಈ ವರ್ಷದ ಚಿತ್ರ ಎಂದರು.

"ಅಲ್ಲಿ ಯಾರಿದ್ದರು?" ಎಂದು ಕೇಳಿದರು.

"ಉಮ್ಮ."

ಆ ಶಬ್ದಕ್ಕೆ ಅರ್ಥ ಹೇಳಬೇಕಾಗಲಿಲ್ಲ. ಸ್ಕ್ರೀನ್ ಆರಿಸಿದರು.

ದೋಣಿ ನಡೆಸುವ ತೌಫೀಕನಿಗೆ ಫೋನ್ ಮಾಡಿದೆ. ಮೊದಲು ಕೇಳಿಸುವುದಿಲ್ಲ ಎಂದು ನಾಟಕ ಮಾಡಿದ. ಆಮೇಲೆ, ಮರಳು ತೆಗೆದು ತೆಗೆದು ದಂಡೆ ಟೊಳ್ಳಾಗಿತ್ತು, ಹೋದ ವರ್ಷದ ಮಳೆಗೆ ಇಡೀ ತುದಿ ಜಾರಿತು ಎಂದ. "ನಿನಗೆ ಹೇಳ್ಬಾರ್ದು ಅಂತ ಖದೀಜಕ್ಕ ಎಲ್ಲರತ್ರ ಸತ್ಯ ಮಾಡಿಸಿದ್ದಾರೆ."

ವರ್ಷದ ಮೇಲಾಯಿತು! ಪ್ರತಿ ಶುಕ್ರವಾರ ಖಬರಸ್ಥಾನದ ಗೋಡೆಯ ಹೊರಗೆ ನಿಂತು ಕುರಾನಿನ ಯಾಸೀನ್ ಓದಿ ಬಂದೆ ಎನ್ನುತ್ತಿದ್ದೆಯಲ್ಲ, ಯಾವ ಗೋಡೆ ಅಕ್ಕ? ಸಿಟ್ಟಿನಲ್ಲಿ ಏನೇನೋ ಬರೆದು ಎರಡು ಕಾಗದ ಹರಿದೆ. ನೀನು ಒಬ್ಬಳೇ ಹೊಳೆಯ ಕಡೆ ಮುಖ ಮಾಡಿ ಓದುತ್ತಿದ್ದೆಯಾ? ಅದನ್ನು ನೆನೆದರೆ ಸಿಟ್ಟು ಉಳಿಯುವುದಿಲ್ಲ.

ಭಾವನಿಗೂ ಮಕ್ಕಳಿಗೂ ಸಲಾಂ ಹೇಳು. ಅಲ್ಲಾಹು ನಿಮ್ಮ ಮನೆ, ನಿಮ್ಮ ದಂಡೆ ಎರಡನ್ನೂ ಕಾಯಲಿ.

ನಿನ್ನ
ಮಿಸ್ರಿಯಾ

ಮ.ವಿ.: ಬರೆಯಲು ಮರೆತದ್ದಲ್ಲ, ಧೈರ್ಯ ಸಾಲದೆ ಇಲ್ಲಿಗೆ ಉಳಿಸಿದ್ದು. ಉಮ್ಮ ತೀರಿಕೊಂಡ ದಿನ ರಜೆ ಕೊಡಲಿಲ್ಲ ಎಂದಿದ್ದೆ. ನೀನು ನನ್ನ ಪರವಾಗಿ ಊರಿಗೆಲ್ಲ ಅದನ್ನೇ ಹೇಳಿದೆ. ನಾನು ರಜೆ ಕೇಳಿರಲೇ ಇಲ್ಲ ಅಕ್ಕ. ಸೇರಿ ಎರಡೇ ತಿಂಗಳಾಗಿತ್ತು, ಕೆಲಸ ಹೋಗುತ್ತದೆಂದು ಹೆದರಿ ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದೆ. ಖಬರಿನ ಹತ್ತಿರ ನಿಂತು ಇದನ್ನು ಉಮ್ಮನಿಗೆ ಹೇಳಿ ಮಾಫಿ ಕೇಳಬೇಕೆಂದಿದ್ದೆ. ಈಗ ನಿನಗೆ ಹೇಳಿದ್ದೇನೆ. ಬಂದಾಗ ಬಾಗಿಲು ತೆಗೆ.